ಮೂರು ದಿನದ ಮುದ್ದೆ

ನಮ್ಮ ಹಟ್ಟಿಯಲ್ಲಿ ಯಾವ ಹೆಂಗಸು ಯಾವ ತಾರೀಕಿಗೆ ಹೊರಗಾಗುತ್ತಾಳೆ ಎಂದು ಎಲ್ಲರಿಗೂ ಗೊತ್ತು. ಗಂಡಸರಿಗೂ ಗೊತ್ತು. ಕಟ್ಟೆಯ ಮೇಲೆ ಬೀಡಿ ಸೇದುವ ಮುದುಕರಿಗೂ ಗೊತ್ತು. ಮುಚ್ಚಿಡುವ ಹಾಗಿಲ್ಲ. ಮುಟ್ಟಾದ ಕೂಡಲೇ ತಟ್ಟೆ, ಚೊಂಬು, ಹಳೇ ಕಂಬಳಿ ಹಿಡಿದು ಹಾಡುಹಗಲೇ ಎಲ್ಲರ ಮುಂದೆ ಹಟ್ಟಿ ದಾಟಬೇಕು. ಊರಾಚೆ ತೆಂಗಿನ ತೋಟದ ಬದುವಿನಲ್ಲಿ, ಗರಿ ಹೊದಿಸಿದ ಗುಡಿಸಲಲ್ಲಿ ಮೂರು ದಿನ ಇರಬೇಕು. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಅಷ್ಟರೊಳಗೆ ಯಾರಾದರೂ ನಮ್ಮನ್ನು ಮುಟ್ಟಿದರೆ ಅವರೂ ನೀರು ಹಾಕಿಕೊಳ್ಳಬೇಕು, ಮನೆಗೆಲ್ಲ ಗಂಜಲ ಚಿಮುಕಿಸಬೇಕು. ತಪ್ಪಿದರೆ ದೇವರು ಮುನಿಯುತ್ತಾನೆ, ಕುರಿ ಸಾಯುತ್ತವೆ, ಹಾವು ಬರುತ್ತದೆ. ನಾನು ಪಿಯುಸಿ ಓದಿದವಳು. ಹನ್ನೆರಡು ವರ್ಷದಿಂದ ಇದೇ ಹಟ್ಟಿಯ ಅಂಗನವಾಡಿ ಟೀಚರ್. ಹಾವು ಬರುತ್ತದೆ ಎಂದು ನನಗೂ ಭಯ.

ಶನಿವಾರ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದೆ. ಈರೇಶ ಬಂದು ಬಾಗಿಲಲ್ಲಿ ನಿಂತ. ಜೇಬಿನಿಂದ ಮಾತ್ರೆಯ ಹಾಳೆ ತೆಗೆದು ಮೇಜಿನ ಮೇಲೆ ಇಟ್ಟ.

"ನಿಮ್ದು ಬುಧವಾರ ಅಲ್ವಾ ಅತ್ಗೆ? ಇವತ್ತಿಂದ ತಗಳಿ, ದಿನಕ್ಕೆ ಮೂರು. ಶುಕ್ರವಾರದ ಗಂಟ ತಡೀತದೆ. ಬೇಸ್ತವಾರ ನೀವು ಒಳಗಿರ್ಬೇಕು."

ಬಸ್ಸಿನ ಟೈಮು ಹೇಳುವವನ ಹಾಗೆ ಹೇಳಿದ. ನನ್ನ ಕೈಯಲ್ಲಿದ್ದ ಸೌಟು ತಟ್ಟೆಗೆ ಬಡಿಯಿತು. ಮಕ್ಕಳು ನಕ್ಕವು. ಅವನೂ ನಕ್ಕ.

ಈರೇಶ ನಮ್ಮ ಹಟ್ಟಿಯವನೇ. ಯಜಮಾನ ದಾಸಣ್ಣನ ತಮ್ಮನ ಮಗ. ನನ್ನ ಗಂಡನಿಗೆ ವರಸೆಯಲ್ಲಿ ತಮ್ಮ. ಚಿಕ್ಕಂದಿನಲ್ಲಿ ಕುರಿ ಕಾದವನು. ಈಗ ತಿಪಟೂರಿನ ಬಸ್ ಸ್ಟ್ಯಾಂಡ್ ಹಿಂದೆ ಮಹಡಿಯ ಮೇಲೆ ಅವನದೊಂದು ಆಫೀಸು. ವಿದೇಶದಲ್ಲಿ ಉದ್ಯೋಗ ಎಂದು ಬೋರ್ಡು, ಬೋರ್ಡಿನ ಮೂಲೆಯಲ್ಲಿ ವಿಮಾನದ ಚಿತ್ರ. ಹಬ್ಬಕ್ಕೆ ಬಂದರೆ ಬಿಳಿ ಕಾರು. ದೇವರ ಗುಡಿಗೆ ಹೊಸ ಬಾಗಿಲು ಹಾಕಿಸಿದವನು ಅವನೇ. ಹಾಗಾಗಿ ಅವನು ಹೇಳಿದ್ದೇ ವೇದ.

ಬೇಸ್ತವಾರ ಬೆಂಗಳೂರಿನಿಂದ ಪೊಲೀಸ್ ಮೇಡಂ ಬರುವುದಿತ್ತು. ಸುನಿತಾಳ ವಿಷಯ ಕೇಳುವುದಕ್ಕೆ. ಹಿಂದೆ ನಾನು ಬರೆದುಕೊಟ್ಟು ಸಹಿ ಹಾಕಿದ್ದನ್ನು ಆ ದಿನ ಅವರ ಮುಂದೆ ಕೂತು ಇನ್ನೊಂದು ಸಲ ಹೇಳಬೇಕಿತ್ತು. ಹೇಳುವ ಹೆಂಗಸೇ ಗುಡಿಸಲಿಗೆ ಹೋಗಿಬಿಟ್ಟರೆ ಗುಡಿಸಲೇ ಇಲ್ಲ ಎಂದು ಹೇಳುವುದು ಹೇಗೆ? ಅದಕ್ಕೆ ಮಾತ್ರೆ.

ಏನು ಬರೆದುಕೊಟ್ಟಿದ್ದೆ ಎಂದು ಹೇಳಬೇಕು. ನಾಚಿಕೆ ಆಗುತ್ತದೆ, ಆದರೂ ಹೇಳಬೇಕು.

ಸುನಿತಾ ಕರಿಯಕ್ಕನ ಒಬ್ಬಳೇ ಮಗಳು. ಇಪ್ಪತ್ತು ವರ್ಷ. ಕರಿಯಕ್ಕನಿಗೆ ಗಂಡನಿಲ್ಲ. ತಾಯಿ ಮಗಳಿಬ್ಬರೂ ಪರಮಶಿವಯ್ಯನವರ ತೋಟಕ್ಕೆ ಕೊಬ್ಬರಿ ಕೆಲಸಕ್ಕೆ ಹೋಗುತ್ತಿದ್ದರು. ಅಟ್ಟದಿಂದ ಒಣಗಿದ ಕಾಯಿ ಇಳಿಸಬೇಕು. ಸಿಪ್ಪೆ ಸುಲಿಯಬೇಕು. ಮಚ್ಚಿನಿಂದ ಚಿಪ್ಪು ಒಡೆದು, ಒಳಗಿನ ಉಂಡೆ ಕೊಬ್ಬರಿಗೆ ಏಟು ಬೀಳದ ಹಾಗೆ ತೆಗೆಯಬೇಕು. ಬೆಳಿಗ್ಗೆ ಕೂತರೆ ಸಂಜೆಯವರೆಗೂ ಕುಕ್ಕರಗಾಲು. ಉಂಡೆ ಒಡೆದರೆ ಬೈಗುಳ, ಬೆರಳು ಒಡೆದರೆ ಅರಿಸಿನ. ಕರಿಯಕ್ಕನ ಎಡಗೈ ಹೆಬ್ಬೆರಳಿಗೆ ಉಗುರೇ ಇಲ್ಲ. ಸುನಿತಾಳ ಬೆರಳೂ ಆಗಲೇ ಅದೇ ದಾರಿ ಹಿಡಿದಿದ್ದವು.

ಹೋದ ವರ್ಷ ಶ್ರಾವಣದಲ್ಲಿ ಕರಿಯಕ್ಕ ಬಿಳಿಗೆರೆ ಕಡೆಯ ತಮ್ಮನ ಮನೆಗೆ ಹೋಗಿದ್ದಳು. ತಮ್ಮನ ಹೆಂಡತಿಗೆ ಹೆರಿಗೆ. ಅದೇ ವಾರ ಸುನಿತಾ ಹೊರಗಾದಳು. ಗುಡಿಸಲಿಗೆ ಮುದ್ದೆ ಕೊಂಡೊಯ್ಯುವ ಕೆಲಸ ಕರಿಯಕ್ಕ ನನಗೆ ಒಪ್ಪಿಸಿದ್ದಳು.

ಗುಡಿಸಲಿನ ಹತ್ತಿರ ಹೋಗುವ ಹಾಗಿಲ್ಲ. ಇಪ್ಪತ್ತು ಹೆಜ್ಜೆ ಈಚೆ ಹುಣಸೆ ಮರ, ಮರದ ಬುಡದಲ್ಲಿ ಚಪ್ಪಡಿ ಕಲ್ಲು, ಕಲ್ಲಿನ ಮೇಲೆ ಅವಳ ತಟ್ಟೆ. ಮೇಲಿನಿಂದ ತಟ್ಟೆಗೆ ಮುದ್ದೆ ಬಿಟ್ಟು, ಸಾರು ಹುಯ್ದು, ಇಟ್ಟಿದ್ದೀನಿ ಕಣೇ ಎಂದು ಕೂಗಿ, ತಿರುಗಿ ನೋಡದೆ ಬರುವುದು ಪದ್ಧತಿ. ನಾನು ಹಾಗೇ ಮಾಡಿದೆ. ಬೆಳಿಗ್ಗೆ ಒಂದು, ಸಂಜೆ ಒಂದು. ಪ್ರತಿ ಸಲ ಹೋದಾಗಲೂ ತಟ್ಟೆ ಖಾಲಿ. ಉಂಡಿದ್ದಾಳೆ ಅಂದುಕೊಂಡೆ. ಒಂದು ಸಲವೂ ಓ ಎನ್ನಲಿಲ್ಲ. ಹಿಂದಿನ ವಾರ ನನ್ನ ಮೊಬೈಲ್ ಕೇಳಿದ್ದಳು, ಕೊಟ್ಟಿರಲಿಲ್ಲ. ಆ ಸಿಟ್ಟು ಇರಬೇಕು, ಇಳಿಯುತ್ತದೆ ಬಿಡು ಅಂದುಕೊಂಡೆ.

ನಾಲ್ಕನೇ ದಿನ ಅವಳು ನೀರು ಹಾಕಿಕೊಳ್ಳಲು ಬರಲಿಲ್ಲ. ಹೋಗಿ ನೋಡಿದೆ. ಮರದ ಹತ್ತಿರ ಕೆಂಚ ನಾಯಿ ಕಲ್ಲು ನೆಕ್ಕುತ್ತಿತ್ತು. ನನ್ನನ್ನು ನೋಡಿ ಬಾಲ ಆಡಿಸಿತು.  ಗುಡಿಸಲ ಬಾಗಿಲಿಗೆ ಓಡಿದೆ. ಕಂಬಳಿ ಇತ್ತು. ಚೊಂಬು ಉರುಳಿತ್ತು. ಒಳಗೆ ಯಾರೂ ಇರಲಿಲ್ಲ. ಮೂರು ದಿನ ಇಡೀ ಹಟ್ಟಿ ನಾಯಿಗೆ ಮುದ್ದೆ ಕಳಿಸಿ ಸುನಿತಾ ಇದ್ದಾಳೆ ಅಂದುಕೊಂಡಿತ್ತು.

ಕರಿಯಕ್ಕ ಚಿಕ್ಕನಾಯಕನಹಳ್ಳಿಗೆ ಹೋಗಿ ಕಂಪ್ಲೇಂಟ್ ಕೊಟ್ಟಳು. ಪೊಲೀಸರು ಹಟ್ಟಿಗೆ ಬಂದರು. ದಾಸಣ್ಣ ಅವರಿಗೆ ಕುರ್ಚಿ ಹಾಕಿಸಿದ, ಎಳನೀರು ಕೊಡಿಸಿದ. ಈರೇಶ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಸುನಿತಾ ವಿಮಾನ ನಿಲ್ದಾಣದಲ್ಲಿ ನಿಂತಿದ್ದಳು. ಹೊಸ ಚೂಡಿದಾರ, ಮುಖದಲ್ಲಿ ನಗು. ಹುಡುಗಿಯೇ ಕೆಲಸ ಕೇಳಿಕೊಂಡು ಬಂದಳು, ವೀಸಾ ಪಾಸ್‌ಪೋರ್ಟ್ ಎಲ್ಲ ಸರಿಯಾಗಿದೆ ಎಂದ. ಗುಡಿಸಲು ಎಂಬ ಮಾತನ್ನು ಯಾರೂ ಎತ್ತಲಿಲ್ಲ.

ಎತ್ತುವುದು ಹೇಗೆ? ಅದಕ್ಕೆ ಎರಡು ತಿಂಗಳ ಹಿಂದೆ ತಾಲ್ಲೂಕಿನ ಅಧಿಕಾರಿಗಳೆಲ್ಲ ಬಂದು ಜೆಸಿಬಿಯಲ್ಲಿ ಗುಡಿಸಲು ಕೆಡವಿಸಿದ್ದರು. ಫೋಟೋ ತೆಗೆದಿದ್ದರು. ಈ ಹಟ್ಟಿ ಇನ್ನು ಮೌಢ್ಯಮುಕ್ತ ಎಂದು ಭಾಷಣ ಮಾಡಿದ್ದರು. ಜಾಗೃತಿ ಮೂಡಿಸಿದ ಟೀಚರ್ ಎಂದು ನನಗೆ ಶಾಲು ಹೊದಿಸಿದ್ದರು. ಪೇಪರಿನಲ್ಲೂ ಬಂತು. ಅವರ ಜೀಪಿನ ಧೂಳು ಇಳಿದು ಒಂದು ವಾರ ಆಗಿರಲಿಲ್ಲ, ನಮ್ಮ ಗಂಡಸರು ಹತ್ತು ಹೆಜ್ಜೆ ಆಚೆ ಹೊಸ ಗರಿ ಕಟ್ಟಿದರು. ನಾನು ನೋಡುತ್ತ ನಿಂತಿದ್ದೆ. ಆ ತಿಂಗಳು ನಾನೇ ಹೋಗಿ ಅದರಲ್ಲಿ ಮಲಗಿದೆ. ಶಾಲು ಟ್ರಂಕಿನಲ್ಲಿತ್ತು.

ಈಗ ಗುಡಿಸಲು ಇದೆ ಎಂದರೆ ಹಿರಿಯರ ಮೇಲೆಲ್ಲ ಕೇಸು. ನನ್ನ ಕೆಲಸ ಹೋಗುತ್ತದೆ. ಹಟ್ಟಿಯಿಂದ ಹೊರಗೆ ಹಾಕುತ್ತಾರೆ. ನನ್ನ ಗಂಡ ಮಲ್ಲೇಶ್ ವರ್ಷದಲ್ಲಿ ಎಂಟು ತಿಂಗಳು ಕುರಿ ಹೊಡೆದುಕೊಂಡು ದೂರದ ಸೀಮೆಗಳಲ್ಲಿ ಇರುತ್ತಾನೆ. ನಾನೂ ನನ್ನ ಮಗಳೂ ಇಲ್ಲೇ ಬಾಳಬೇಕು. ಓದು ಬರಹ ಬಲ್ಲವಳು ನೀನೇ, ಬರೆದುಕೊಡು ಎಂದು ದಾಸಣ್ಣ ಹೇಳಿದ. ಬರೆದೆ. ಈ ಹಟ್ಟಿಯಲ್ಲಿ ಮುಟ್ಟಿನ ಗುಡಿಸಲು ಇಲ್ಲ, ಸುನಿತಾ ತನ್ನ ಮನೆಯಿಂದಲೇ ಎಲ್ಲರಿಗೂ ಹೇಳಿ ಒಪ್ಪಿಗೆಯಿಂದ ಹೊರಟಳು, ನಾನು ಕಣ್ಣಾರೆ ಕಂಡಿದ್ದೇನೆ. ಕೆಳಗೆ ಸಹಿ. ಶಶಿರೇಖಾ, ಅಂಗನವಾಡಿ ಕಾರ್ಯಕರ್ತೆ. ಕರಿಯಕ್ಕ ಕಂಬ ಹಿಡಿದು ನಿಂತಿದ್ದಳು. ಅವಳಿಗೆ ಓದಲು ಬಾರದು. ಏನು ಬರೆದೆ ಶಶಿ ಎಂದು ಕೇಳಿದಳು. ಹುಡುಕುತ್ತಾರಂತೆ ಕಣಕ್ಕ ಎಂದೆ.

ಹದಿನಾಲ್ಕು ತಿಂಗಳು ಆದ ಮೇಲೆ, ಆ ಶನಿವಾರಕ್ಕೆ ಮೂರು ದಿನ ಮೊದಲು ನನ್ನ ಮೊಬೈಲಿಗೆ ಬೆಂಗಳೂರಿನಿಂದ ಫೋನ್ ಬಂತು. ಮಾತಾಡಿದವರು ಇನ್ಸ್‌ಪೆಕ್ಟರ್ ನಿರ್ಮಲಾ. ಮನುಷ್ಯರನ್ನು ಮಾರುವವರನ್ನು ಹಿಡಿಯುವ ವಿಭಾಗದವರಂತೆ. ಅಂಗನವಾಡಿ ಗೋಡೆಯ ಮೇಲೆ ನನ್ನ ನಂಬರ್ ಬರೆದಿದೆ. ಸುನಿತಾಗೆ ಬಾಯಿಪಾಠ ಇದ್ದದ್ದು ಅದೊಂದೇ.

ಕಡಲಾಚೆಯ ಆ ಊರಿನ ಹೆಸರು ಈಗಲೂ ನನ್ನ ಬಾಯಲ್ಲಿ ತಿರುಗುವುದಿಲ್ಲ. ಅಲ್ಲಿಯ ಪೊಲೀಸರು ಒಂದು ಮನೆಯ ಬೀಗ ಒಡೆದರಂತೆ. ಒಳಗೆ ಹನ್ನೊಂದು ಹೆಂಗಸರು, ಮೂರು ದೇಶದವರು. ಅಲ್ಲಿಂದ ಒಬ್ಬೊಬ್ಬರನ್ನೂ ದಿನಕ್ಕೆ ಮೂರು ನಾಲ್ಕು ಮನೆಗೆ ಕೆಲಸಕ್ಕೆ ಕಳಿಸಿ ಸಂಜೆ ತಂದು ಬೀಗ ಹಾಕುತ್ತಿದ್ದರು. ಪಾಸ್‌ಪೋರ್ಟ್ ಕಸಿದುಕೊಂಡಿದ್ದರು. ಎದುರು ಮಾತಾಡಿದರೆ ಇಸ್ತ್ರಿ ಪೆಟ್ಟಿಗೆಯಿಂದ ಮೊಣಕೈ ಸುಡುತ್ತಿದ್ದರು. ಸುನಿತಾಳ ಮೊಣಕೈ ಮೇಲೆ ಮೂರು ಗುರುತು ಇವೆಯಂತೆ.

ಮೇಡಂ ಅವಳ ಹೇಳಿಕೆಯನ್ನು ಓದಿದರು. ನಾನು ಅಂಗನವಾಡಿಯ ಹಿಂದೆ ನಿಂತು ಕೇಳಿದೆ. ಮೊದಲನೇ ದಿನವೇ ಗುಡಿಸಲಿಗೆ ಈರೇಶನ ಕಾರು ಬಂತು. ಜೊತೆಗೆ ಗುರುತಿಲ್ಲದ ಒಬ್ಬ ಹೆಂಗಸು. ಕಿಬ್ಬನಹಳ್ಳಿ ಸರ್ಕಲ್ಲಿನಲ್ಲಿ ನಿನ್ನ ತಾಯಿಗೆ ಬಸ್ಸು ಗುದ್ದಿದೆ, ತಿಪಟೂರು ಆಸ್ಪತ್ರೆಯಲ್ಲಿದ್ದಾಳೆ ಎಂದರು. ಸುನಿತಾ ಉಟ್ಟ ಬಟ್ಟೆಯಲ್ಲೇ ಹತ್ತಿದಳು. ಕಾರು ತಿಪಟೂರಿನಲ್ಲಿ ನಿಲ್ಲಲಿಲ್ಲ. ಅವಳು ಕೂಗಿಕೊಂಡಾಗ ಈರೇಶ ಹೆದರಿಸಿದ್ದು ಚಾಕು ತೋರಿಸಿ ಅಲ್ಲ. ಮುಟ್ಟಾದವಳು ಗುಡಿಸಲು ಬಿಟ್ಟು ಗಂಡಸಿನ ಪಕ್ಕ ಕೂತಿದ್ದೀಯ, ಇನ್ನು ಹಟ್ಟಿಯೊಳಕ್ಕೆ ನಿನ್ನನ್ನು ಯಾರು ಬಿಟ್ಟುಕೊಳ್ಳುತ್ತಾರೆ, ನಿನ್ನ ತಾಯಿಯನ್ನೂ ಹೊರಗೆ ಹಾಕುತ್ತಾರೆ ಎಂದನಂತೆ. ಸುನಿತಾ ಸುಮ್ಮನಾದಳು. ವಿಮಾನ ನಿಲ್ದಾಣದಲ್ಲಿ ನಗು ಎಂದಾಗ ನಕ್ಕಳು. ಗಾರ್ಮೆಂಟ್ಸ್ ಕೆಲಸಕ್ಕೆ ಬೇಕು ಎಂದು ಅವನು ಮೊದಲೇ ತುಮಕೂರಿನಲ್ಲಿ ಬೆರಳಚ್ಚು ಹಾಕಿಸಿದ್ದು ಪಾಸ್‌ಪೋರ್ಟಿಗೆ ಎಂದು ಅವಳಿಗೆ ಅಲ್ಲೇ ತಿಳಿದದ್ದು.

ಇನ್ನೊಂದು ಸಾಲಿತ್ತು. ಮೊದಲನೇ ತಿಂಗಳು ಆ ದೇಶದಲ್ಲಿ ಹೊರಗಾದಾಗ ಸುನಿತಾ ತನ್ನನ್ನು ಕೂಡಿಹಾಕಿದ್ದವರನ್ನು ಸನ್ನೆ ಮಾಡಿ ಕೇಳಿದಳಂತೆ, ನನ್ನ ಗುಡಿಸಲು ಎಲ್ಲಿ ಎಂದು. ಅವರು ಅವಳನ್ನು ತಾರಸಿಗೆ ಕಳಿಸಿ ಬಾಗಿಲು ಹಾಕಿದರು. ಮೂರು ದಿನ ಬಿಸಿಲಲ್ಲಿ ಕೂತಿದ್ದಳು. ಹೇಳಿಕೆ ಬರೆದುಕೊಂಡ ಆ ದೇಶದ ಅಧಿಕಾರಿಗೆ ಇದು ಅರ್ಥವೇ ಆಗಿಲ್ಲ. ಗುಡಿಸಲು ಎಂದರೇನು ಎಂದು ನಮ್ಮ ದೇಶಕ್ಕೆ ಬರೆದು ಕೇಳಿದ್ದಾರೆ.

ಎರಡು ಸರ್ಕಾರಗಳ ನಡುವೆ ಒಪ್ಪಂದ ಇದೆ ಎಂದು ಮೇಡಂ ಬಿಡಿಸಿ ಹೇಳಿದರು. ಮೋಸದಿಂದ ಬಂದವಳು ಎಂದು ಅವಳ ಊರಿನಿಂದ ಕಾಗದ ಹೋದರೆ ಅವಳನ್ನು ಆಶ್ರಯದ ಮನೆಯಲ್ಲಿ ಇಟ್ಟು ಊರಿಗೆ ಕಳಿಸುತ್ತಾರೆ, ಕಳಿಸಿದವನನ್ನು ಇಲ್ಲಿ ಹಿಡಿಯುತ್ತಾರೆ. ಒಪ್ಪಿ ಬಂದವಳು ಎಂದಾದರೆ ವೀಸಾ ಮುಗಿದ ಮೇಲೂ ಉಳಿದ ಅಪರಾಧಿ, ಜೈಲು. ಅಲ್ಲಿಯ ಕೋರ್ಟು ತಿಂಗಳ ಕೊನೆಯವರೆಗೆ ಗಡುವು ಕೊಟ್ಟಿತ್ತು. ರಾಯಭಾರ ಕಚೇರಿಯವರು ಓಡಾಡಿದರು, ಎರಡು ಭಾಷೆ ಬಲ್ಲವರು ಕೂತು ಬರೆದರು, ಮೂರು ದೇಶದ ಪೊಲೀಸರು ಫೋನ್ ಮಾಡಿಕೊಂಡರು. ಹತ್ತು ಹೆಂಗಸರ ಕಾಗದ ಸರಿಯಾಗಿ ಹೋಯಿತು. ಸುನಿತಾಳ ಕಾಗದದಲ್ಲಿ ಮಾತ್ರ ನನ್ನ ಸಹಿ ಇತ್ತು.

ಅದು ಸುಳ್ಳು ಎಂದು ನಾನು ಫೋನಿನಲ್ಲಿ ಒಪ್ಪಿಕೊಳ್ಳಲಿಲ್ಲ. ಮುಂದಿನ ಬೇಸ್ತವಾರ ನಾನೇ ಬರುತ್ತೇನೆ, ಜಾಗ ನೋಡಬೇಕು ಎಂದು ಮೇಡಂ ಇಟ್ಟುಬಿಟ್ಟರು. ಅವರು ಬರುವ ಸುದ್ದಿ ಸ್ಟೇಷನ್ನಿಗೆ ಬಂತು, ಸ್ಟೇಷನ್ನಿನಿಂದ ದಾಸಣ್ಣನಿಗೆ ಬಂತು. ಅಲ್ಲಿಂದ ಈ ಮಾತ್ರೆ.

ಶನಿವಾರ ಎರಡು ಮಾತ್ರೆ ನುಂಗಿದೆ. ಸುಳ್ಳು ಹೇಳುವುದಿಲ್ಲ, ನುಂಗಿದೆ. ಮಲ್ಲೇಶನಿಗೆ ಫೋನ್ ಮಾಡಿದೆ. ತಗೊಂಡು ಸುಮ್ಮನಿರು, ಅವರ ಎದುರು ನಾವು ಬಾಳೋಕಾಗುತ್ತಾ ಎಂದ. ಅವನ ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು. ಅವನಿಗೂ ಭಯ.

ಭಾನುವಾರ ಕರಿಯಕ್ಕನ ಮನೆ ಮುಂದೆ ಹಾದು ಹೋದೆ. ಅವಳು ಗೋಣಿಚೀಲದ ಮೇಲೆ ಕೂತು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಮೇಡಂ ಬಂದರೆ ಮಗಳು ಬಂದಂಗೇ ಅಲ್ವಾ ಶಶಿ ಎಂದು ಕೇಳಿದಳು. ನನ್ನ ಸಹಿಯ ವಿಷಯ ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಮೂರನೇ ಮಾತ್ರೆ ನನ್ನ ಸೆರಗಿನ ಗಂಟಿನಲ್ಲಿತ್ತು. ಮನೆಗೆ ಬಂದು ನೀರು ಬಗ್ಗಿಸಿಕೊಂಡೆ. ಆಗ ಹೊಳೆಯಿತು. ನನ್ನ ಬುಧವಾರ ಈರೇಶನಿಗೆ ಗೊತ್ತು. ಹಾಗೆಯೇ ಸುನಿತಾಳ ದಿನವೂ ಅವನಿಗೆ ಗೊತ್ತಿತ್ತು. ತಾಯಿ ಊರಲ್ಲಿಲ್ಲ ಎಂದೂ ಗೊತ್ತಿತ್ತು. ಮೂರು ದಿನ ಯಾರೂ ಹತ್ತಿರ ಸುಳಿಯುವುದಿಲ್ಲ, ತಿರುಗಿ ನೋಡುವುದಿಲ್ಲ, ಅಷ್ಟರಲ್ಲಿ ವಿಮಾನ ಹಾರಿರುತ್ತದೆ. ಹೊರಗಿನ ಕಳ್ಳನಿಗೆ ಈ ಲೆಕ್ಕ ಸಿಗುವುದಿಲ್ಲ. ಮನೆಯವನಿಗೆ ಮಾತ್ರ ಸಿಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಬೇಲಿಗೆ ನೀರು ಹುಯ್ದವಳು ನಾನು. ನನಗೂ ಹನ್ನೊಂದು ವರ್ಷದ ಮಗಳಿದ್ದಾಳೆ. ಇನ್ನೊಂದೆರಡು ವರ್ಷಕ್ಕೆ ಅವಳ ತಾರೀಕೂ ಕಟ್ಟೆಯ ಮೇಲಿನವರಿಗೆ ಗೊತ್ತಾಗುತ್ತದೆ.

ಮಾತ್ರೆ ಬಚ್ಚಲಿಗೆ ಹಾಕಿದೆ. ಧೈರ್ಯದಿಂದ ಹಾಕಲಿಲ್ಲ. ಯಾರಾದರೂ ನೋಡಿಯಾರೆಂದು ಮೇಲೆ ಇನ್ನೊಂದು ಲೋಟ ನೀರೂ ಸುರಿದೆ. ದಾಸಣ್ಣನ ಹೆಂಡತಿ ದಿನಕ್ಕೊಮ್ಮೆ ಬಂದು ಮಾತ್ರೆಯ ಹಾಳೆ ನೋಡಿ ಹೋಗುತ್ತಿದ್ದಳು. ಮೂರು ಖಾಲಿ, ಆರು ಖಾಲಿ. ನಾನು ಒಂದೊಂದೇ ಬಿಡಿಸಿ ಬಚ್ಚಲಿಗೆ ಹಾಕುತ್ತ ಹೋದೆ.  ಮಂಗಳವಾರ ಗಂಡಸರು ಹೋಗಿ ಗುಡಿಸಲು ಕಿತ್ತರು. ಗರಿಗಳನ್ನು ಸುಟ್ಟು, ಬೂದಿ ಗುಡಿಸಿ, ಜಾಗದಲ್ಲಿ ಸಿಪ್ಪೆ ರಾಶಿ ಹಾಕಿದರು. ಎರಡು ಸಲ ಗುಡಿಸಲು ಬಿದ್ದದ್ದು ನೋಡಿದೆ. ಎರಡು ಸಲವೂ ಹೆಂಗಸರಿಗಾಗಿ ಅಲ್ಲ.

ಬುಧವಾರ ಆಗಲಿಲ್ಲ. ನುಂಗಿದ ಎರಡು ಮಾತ್ರೆ ಹಿಡಿದಿಟ್ಟವೋ, ಭಯವೇ ಹಿಡಿದಿಟ್ಟಿತೋ. ಬೇಸ್ತವಾರ ಬೆಳಿಗ್ಗೆ ಕಸ ಗುಡಿಸುತ್ತಿದ್ದಾಗ ಹೊಟ್ಟೆ ಹಿಂಡಿತು. ಆಯಿತು.

ನನ್ನ ಮನೆಯಿಂದ ಅಂಗನವಾಡಿಗೆ ದೇವರ ಗುಡಿಯ ಮುಂದೆಯೇ ಹೋಗಬೇಕು. ಮದುವೆಯಾಗಿ ಬಂದ ಹದಿನೈದು ವರ್ಷದಲ್ಲಿ ಆ ಮೈಯಲ್ಲಿ ಆ ದಾರಿ ತುಳಿದಿರಲಿಲ್ಲ. ಗುಡಿಯ ಹತ್ತಿರ ಬಂದು ನಿಂತೆ. ಹೊಸ ಬಾಗಿಲು ತೆರೆದಿತ್ತು. ಒಳಗೆ ದೀಪ. ನನ್ನ ಮಗಳಿಗೆ ಏನಾದರೂ ಮಾಡಬೇಡಪ್ಪ, ಮಾಡುವುದಿದ್ದರೆ ನನಗೆ ಮಾಡು ಎಂದುಕೊಂಡೆ.  ಕಟ್ಟೆಯ ಮೇಲಿದ್ದ ಮುದುಕರು ನೋಡಿದರು. ಅವರು ನನ್ನ ಸೀರೆ ನೋಡುತ್ತಿದ್ದಾರೆ ಅನ್ನಿಸಿತು. ಅವರು ಸುಮ್ಮನೆ ನೋಡುತ್ತಿದ್ದರು ಅಷ್ಟೇ. ದಾಟಿದೆ. ಹಾವು ಬರಲಿಲ್ಲ. ಬಂದೇ ಬರುತ್ತದೆ ಎಂದು ಕಾಲ ಬುಡ ನೋಡುತ್ತಲೇ ನಡೆದೆ.

ಮೇಡಂ ಹತ್ತೂವರೆಗೆ ಬಂದರು. ನಲವತ್ತರ ಆಸುಪಾಸಿನ ಸಣ್ಣ ಹೆಂಗಸು, ಖಾಕಿ ಇರಲಿಲ್ಲ, ಸಾದಾ ಸೀರೆ. ಜೊತೆಗೆ ಒಬ್ಬಳು ಮಹಿಳಾ ಪೇದೆ, ಕೈಯಲ್ಲಿ ಕ್ಯಾಮೆರಾ. ತೋಟದ ಬದುವಿಗೆ ಹೋಗಿ ನೋಡಿ ಬಂದಿದ್ದರು, ಸಿಪ್ಪೆ ರಾಶಿ ಬಿಟ್ಟು ಏನೂ ಸಿಕ್ಕಿರಲಿಲ್ಲ. ಅಂಗನವಾಡಿಯೊಳಗೆ ಮೂರು ಕುರ್ಚಿ, ಒಂದು ಚಾಪೆ. ದಾಸಣ್ಣ ಕುರ್ಚಿಯಲ್ಲಿ ಕೂತ. ಯಜಮಾನಿಕೆಯೂ ಅವನದೇ, ಗುಡಿಯ ಪೂಜೆಯೂ ಅವನದೇ. ಹಿರಿಯರು ನಾಲ್ಕು ಜನ ಗೋಡೆಗೆ ಒರಗಿ ಕೂತರು. ಈರೇಶ ನನ್ನ ಪಕ್ಕದಲ್ಲಿ, ಬಾಗಿಲಿಗೆ ಅಡ್ಡವಾಗಿ ನಿಂತ. ಕರಿಯಕ್ಕ ಒಳಗೆ ಬರಲಿಲ್ಲ, ಹೊಸಿಲ ಆಚೆ ಕುಕ್ಕರಗಾಲಲ್ಲಿ ಕೂತಳು.

ದಾಸಣ್ಣ ಮಾತಾಡಿದ. ಆ ಪದ್ಧತಿ ನಮ್ಮ ಅಜ್ಜಂದಿರ ಕಾಲದ್ದು, ಈಗ ನಮ್ಮ ಹಟ್ಟಿಯಲ್ಲಿ ಇಲ್ಲ, ಹೆಂಗಸರು ಎಲ್ಲ ದಿನವೂ ಮನೆಯೊಳಗೇ ಇರುತ್ತಾರೆ ಎಂದ. ಬೇಕಾದರೆ ನಮ್ಮ ಟೀಚರನ್ನೇ ಕೇಳಿ ಎಂದ. ಮೇಡಂ ನನ್ನ ಹಳೇ ಹೇಳಿಕೆಯನ್ನು ತೆಗೆದು ಗಟ್ಟಿಯಾಗಿ ಓದಿದರು. ಕಣ್ಣಾರೆ ಕಂಡಿದ್ದೇನೆ ಎಂಬಲ್ಲಿಗೆ ಬಂದಾಗ ಹೊಸಿಲಾಚೆ ಕರಿಯಕ್ಕ ತಲೆ ಎತ್ತಿದಳು. ಮೊದಲ ಸಲ ಅವಳಿಗೆ ನನ್ನ ಬರಹ ಕೇಳಿಸಿತ್ತು. ಅವಳು ಬೈಯಲಿಲ್ಲ. ನನ್ನನ್ನೇ ನೋಡಿದಳು. ನಾನು ಆ ಕಡೆ ನೋಡಲಾಗದೆ ಮೇಜಿನ ಕಾಲು ನೋಡಿದೆ.

ಇದು ನಿಜವಾ ಎಂದು ಮೇಡಂ ಕೇಳಿದರು.  ಈರೇಶ ನನ್ನ ಕಿವಿಗೆ ಮಾತ್ರ ಕೇಳುವ ಹಾಗೆ ಹೇಳಿದ.

"ಮಗಳು ಇಸ್ಕೂಲಿಗೆ ಒಬ್ಳೇ ಹೋಯ್ತಳೆ ಅಲ್ವಾ ಅತ್ಗೆ."

 ಹೂಂ ಎಂದುಬಿಡೋಣ ಅನ್ನಿಸಿತು. ಬಾಯಿ ತೆರೆದೂ ಇದ್ದೆ. ಆದರೆ ಹೂಂ ಎಂದರೂ ನನ್ನ ಮಗಳು ಇವನ ಹಟ್ಟಿಯಲ್ಲೇ ದೊಡ್ಡವಳಾಗಬೇಕು. ಯಾವ ಕಡೆ ಓಡಿದರೂ ಭಯವೇ ಇತ್ತು. ಹಾಗಾಗಿ ನಿಜದ ಕಡೆಗೇ ಓಡಿದೆ.

"ಮೇಡಂ, ನಾನು ಇವತ್ತು ಹೊರಗಾಗಿದೀನಿ," ಎಂದೆ. "ಬೆಳಿಗ್ಗೆ ಆದೆ. ಗುಡ್ಲು ಇವ್ರು ಮಂಗಳವಾರ ಕಿತ್ತಾಕಿದ್ರು. ಎಲ್ಲಿಗೆ ಹೋಗ್ಲಿ ಕೇಳಿ ಇವ್ರನ್ನ."

 ದಾಸಣ್ಣ ಎದ್ದ. ಎದ್ದ ಎನ್ನುವುದಲ್ಲ, ನೆಗೆದ. ಕುರ್ಚಿ ಹಿಂದಕ್ಕೆ ಬಿತ್ತು. ಪಂಚೆ ಎತ್ತಿ ಹಿಡಿದು, ನನ್ನ ನೆರಳು ತಾಗದ ಹಾಗೆ ಗೋಡೆಗೆ ಒತ್ತಿಕೊಂಡು ಬಾಗಿಲಿಗೆ ಓಡಿದ. ನಾಲ್ಕು ಜನ ಹಿರಿಯರು ಅವನ ಹಿಂದೆ. ಒಬ್ಬನ ಚಪ್ಪಲಿ ಒಳಗೇ ಉಳಿಯಿತು. ಈರೇಶ, ತಿಪಟೂರಿನಲ್ಲಿ ಆಫೀಸು ಇಟ್ಟವನು, ಐದಾರು ದೇಶ ನೋಡಿದವನು, ಅವನೂ ಅಂಗಳಕ್ಕೆ ಹಾರಿ ತೋಳು ಕೊಡವಿಕೊಂಡ. ಅವನ ತೋಳು ನನ್ನ ಸೆರಗಿಗೆ ತಾಗಿತ್ತು.

ನಿರ್ಮಲಾ ಮೇಡಂ ಖಾಲಿ ಕುರ್ಚಿ ನೋಡಿದರು. ಪೇದೆಯ ಕಡೆ ನೋಡಿದರು. ಅವಳು ಕ್ಯಾಮೆರಾ ಇಳಿಸಿರಲಿಲ್ಲ.

"ಆ ಪದ್ಧತಿ ಇಲ್ಲ ಅಂದ್ರಲ್ಲ ಯಜಮಾನ್ರೇ," ಎಂದರು ಮೇಡಂ. "ಬನ್ನಿ, ಕ್ಯಾಮೆರಾ ಮುಂದೆ ಇನ್ನೊಂದ್ಸಲ ಹೇಳಿ. ಇಲ್ಲೇ ಇವರ ಪಕ್ಕ ಕೂತ್ಕೊಂಡು ಹೇಳಿ."

ದಾಸಣ್ಣ ಅಂಗಳದಲ್ಲೇ ನಿಂತು ನನ್ನನ್ನು ಬೈದ. ಗುಡಿ ಮುಂದೆ ಹಾದು ಬಂದಿದ್ದೀಯ, ಹಟ್ಟಿ ಸುಟ್ಟೆ, ನಿನ್ನ ವಂಶ ಉಳಿಯಲ್ಲ ಎಂದ. ಎಲ್ಲವೂ ಕ್ಯಾಮೆರಾದಲ್ಲಿ ಬಂತು. ಆದರೆ ಯಾರೂ ಒಳಗೆ ಬರಲಿಲ್ಲ. ಈರೇಶ ಸದ್ದಿಲ್ಲದೆ ಕಾರಿನ ಕಡೆ ಹೋದ. ಹಟ್ಟಿಯ ದಾರಿ ಕಿರಿದು. ಮೇಡಂ ಜೀಪನ್ನು ಬರುವಾಗಲೇ ಅಡ್ಡ ನಿಲ್ಲಿಸಿದ್ದರು, ಅದರ ಪಕ್ಕ ಇಬ್ಬರು ಪೇದೆಗಳಿದ್ದರು. ಅವನ ಕೈಯಿಂದ ಕೀ ಇಸಿದುಕೊಂಡರು.

ಆಮೇಲೆ ನಾನು ಹೇಳಿದೆ. ಹಳೇ ಕಾಗದ ಸುಳ್ಳು ಎಂದು ಮೊದಲು ಬರೆಸಿದೆ. ಶಾಲಿನ ವಿಷಯ, ಹತ್ತು ಹೆಜ್ಜೆ ಆಚೆ ಕಟ್ಟಿದ ಗುಡಿಸಲು, ಮಾತ್ರೆ, ಎಲ್ಲ ಹೇಳಿದೆ. ಮುದ್ದೆಯ ವಿಷಯವನ್ನೂ ಹೇಳಿದೆ. ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ಒಂದು ಸಲ ಬಗ್ಗಿ ನೋಡಿದ್ದರೆ ಮೊದಲನೇ ದಿನವೇ ತಿಳಿಯುತ್ತಿತ್ತು. ವಿಮಾನ ಹಾರಿದ್ದು ಎರಡನೇ ದಿನ ಎಂದು ಮೇಡಂ ಹೇಳಿದರು. ನಾನು ಹೊಸಿಲಿನ ಕಡೆ ತಿರುಗಿ, ಕರಿಯಕ್ಕನಿಗೆ ಕೇಳುವ ಹಾಗೆ ಅದನ್ನು ಇನ್ನೊಮ್ಮೆ ಹೇಳಿದೆ. 

ಕೆಳಗೆ ಸಹಿ ಹಾಕಿದೆ. ಕೆಲಸ ಹೋಗಬಹುದು, ಸುಳ್ಳು ಬರೆದದ್ದಕ್ಕೆ ನಿಮ್ಮ ಮೇಲೂ ಕೇಸು ಆಗಬಹುದು ಎಂದು ಮೇಡಂ ಮುಚ್ಚುಮರೆ ಮಾಡದೆ ಹೇಳಿದರು. ಆಗಲಿ ಎಂದೆ.  ಹೊರಗೆ ಜನ ಸೇರುತ್ತಿದ್ದರು. ಯಾರೋ ಗಂಜಲದ ಬಕೆಟ್ ತಂದಿಟ್ಟರು. ನನ್ನ ಮಗಳನ್ನು ಸ್ಕೂಲಿನಿಂದ ಕರೆತರಲು ಮೇಡಂ ಜೀಪಿನ ಒಬ್ಬ ಪೇದೆಯನ್ನು ಕಳಿಸಿದರು.

ಕಾಗದವನ್ನು ಅಲ್ಲಿಂದಲೇ ಫೋಟೋ ತೆಗೆದು ಕಳಿಸಿದರು. ಸ್ವಲ್ಪ ಹೊತ್ತಿಗೆ ಅವರ ಫೋನಿಗೆ ಆ ದೇಶದ ಆಶ್ರಯದ ಮನೆಯಿಂದ ವಿಡಿಯೋ ಕರೆ ಬಂತು. ಮೊದಲು ಅಲ್ಲಿಯ ಅಧಿಕಾರಿ, ಆಮೇಲೆ ನಮ್ಮ ರಾಯಭಾರ ಕಚೇರಿಯವರು, ಆಮೇಲೆ ಸುನಿತಾ. ಕೂದಲು ಕತ್ತರಿಸಿದ್ದರು. ಮುಖ ಬತ್ತಿತ್ತು. ನಿನ್ನ ಟೀಚರ್ ನಿಜ ಬರೆದುಕೊಟ್ಟಿದ್ದಾರೆ, ಇನ್ನು ಕಳಿಸುತ್ತಾರೆ, ಹದಿನೈದು ಇಪ್ಪತ್ತು ದಿನ ಹಿಡಿಯಬಹುದು ಎಂದು ಮೇಡಂ ಅವಳಿಗೆ ಹೇಳಿದರು. ಅವಳ ಮುಖದಲ್ಲಿ ಸಂತೋಷ ಬರಲಿಲ್ಲ. ಭಯ ಬಂತು. ನನಗೆ ಆ ಭಯದ ಗುರುತು ಸಿಕ್ಕಿತು.

"ಶಶಕ್ಕ," ಎಂದಳು. "ನಾನು ಗುಡ್ಲು ಬುಟ್ಟು ಹೋದೋಳು. ಬಂದ್ರೆ ಒಳಕ್ಕೆ ಬುಟ್ಕತಾರಾ?"

 ಆ ಸಂಜೆ ನಾನೇ ಎಲ್ಲಿ ಮಲಗುತ್ತೇನೆ ಎಂದು ನನಗೆ ಗೊತ್ತಿರಲಿಲ್ಲ. ಹೊರಗೆ ಇಡೀ ಹಟ್ಟಿ ನಿಂತಿತ್ತು.

ಹೊಸಿಲಾಚೆ ಕೂತಿದ್ದ ಕರಿಯಕ್ಕ ಎದ್ದಳು. ಮೈನೆರೆದಾಗಿನಿಂದ ಒಂದು ತಿಂಗಳೂ ತಪ್ಪದೆ ಗುಡಿಸಲಿಗೆ ಹೋದವಳು, ಮಗಳನ್ನು ತಾನೇ ಕೈಹಿಡಿದು ಮೊದಲ ಸಲ ಅಲ್ಲಿಗೆ ಬಿಟ್ಟು ಬಂದವಳು. ಜನದ ಕಡೆ ಒಂದು ಸಲ ನೋಡಿದಳು. ಕೂಡದು ಎಂದು ದಾಸಣ್ಣ ಕೂಗಿದ. ಅವಳು ಹೊಸಿಲು ದಾಟಿ ಒಳಗೆ ಬಂದು ನನ್ನ ಪಕ್ಕ ಚಾಪೆಯ ಮೇಲೆ ಕೂತಳು. ನನ್ನ ಕೈ ಹಿಡಿದಳು. ಉಗುರಿಲ್ಲದ ಆ ಹೆಬ್ಬೆರಳು ನನ್ನ ಅಂಗೈಯೊಳಗೆ ಒತ್ತುತ್ತಿತ್ತು. 

"ಬಾ ಮಗಾ," ಎಂದಳು ಫೋನಿಗೆ. "ಶಶಿ ಹೊರಗಾಗವ್ಳೆ. ಮುಟ್ಕಂಡು ಕೂತಿವ್ನಿ. ನೀರು ಹಾಕ್ಕಳಕಿಲ್ಲ ನಾನು."

ಮೇಡಂಗೆ ಅದರ ಅರ್ಥ ಆಗಲಿಲ್ಲ. ಆಚೆ ದೇಶದಲ್ಲಿ ಸುನಿತಾಗೆ ಆಯಿತು. ಅವಳು ಅಳುವುದು ಕೇಳಿಸಿತು.